ನಲವತ್ತು ದಿನದ ವ್ರತ, ಮೂರು ದಿನದ ಸತ್ಯ!

ಸಿನಿಮಾ ನೂರು ದಿನ ಓಡಿದರೆ ನಿರ್ಮಾಪಕ ಕೊರಳಿಗೆ ಹಾರ ಹಾಕಿಸಿಕೊಳ್ಳುತ್ತಾನೆ. ನಾನು ನಲವತ್ತು ದಿನ ಓಡಿಸಿದೆ. ಹಾರ ಸಿಗಲಿಲ್ಲ, ಡಾಕ್ಟರಮ್ಮನ ಕೈಲಿ ಬೈಸಿಕೊಂಡು ಬಂದೆ!

ಏನು ಓಡಿಸಿದೆ ಅಂತೀರಾ? ಬ್ರಹ್ಮಚರ್ಯ ಸ್ವಾಮಿ, ಬ್ರಹ್ಮಚರ್ಯ! ಮದುವೆಯಾಗಿ ನಾಲ್ಕು ವರ್ಷವಾದ ಗಂಡಸು, ಮಗು ಬೇಕು ಅಂತಲೇ ಹೆಂಡತಿಯಿಂದ ದೂರ ಚಾಪೆ ಹಾಸಿಕೊಂಡು ಮಲಗಿದ ಕಥೆ ಇದು. ನಗುವುದಾದರೆ ಪೂರ್ತಿ ಓದಿ ನಗಿ. ಯಾವ ನಟ ಯಾವ ಕಾರು ಕೊಂಡ, ಯಾವ ಚಿತ್ರದ ಮುಹೂರ್ತಕ್ಕೆ ಯಾರು ಬರಲಿಲ್ಲ ಎಂದು ಪ್ರತಿವಾರ ಬರೆಯುವ ನಾನು, ಈ ವಾರ ನಮ್ಮ ಮನೆಯ ರೀಲನ್ನೇ ಬಿಚ್ಚುತ್ತಿದ್ದೇನೆ. ಅದಕ್ಕೊಂದು ಕಾರಣ ಇದೆ. ಕೊನೆಗೆ ಹೇಳುತ್ತೇನೆ.

* * *

ನಮ್ಮೂರು ಹೊಸಹೊಳಲು. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಆಟೋ ಹತ್ತಿ ಒಂದು ಬೀಡಿ ಹಚ್ಚಿದರೆ ಅದು ಮುಗಿಯುವುದರೊಳಗೆ ಊರು ಬರುತ್ತೆ. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಸ್ಥಾನ ಇರುವ ಊರು. ಹದಿಮೂರನೇ ಶತಮಾನದ ಗುಡಿ. ಗೋಡೆಯ ಸುತ್ತ ರಾಮಾಯಣ, ಮಹಾಭಾರತ, ಭಾಗವತ ಎಲ್ಲವನ್ನೂ ಪಟ್ಟಿ ಪಟ್ಟಿಯಾಗಿ ಕೆತ್ತಿದ್ದಾರೆ. ಕಲ್ಲಿನಲ್ಲಿ ತೆಗೆದ ಸಿನಿಮಾ ಅನ್ನಿ!

ಆ ಗುಡಿಯನ್ನು ನನ್ನಾಕೆ ಸುತ್ತದ ಶನಿವಾರವೇ ಇರಲಿಲ್ಲ. ಮದುವೆಯಾದ ಎರಡನೇ ವರ್ಷ ನಮ್ಮವ್ವ ಸುತ್ತೋಕೆ ಹಚ್ಚಿದ್ದು. ಒಂಬತ್ತು ಸುತ್ತು ಅಂತ ಶುರುವಾಗಿ ಇಪ್ಪತ್ತೊಂದಕ್ಕೆ ಏರಿತು. ಅದರ ಜೊತೆಗೆ ಕಷಾಯ. ಅದರ ಜೊತೆಗೆ ಉಪವಾಸ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನು, ಗರ್ಭನಾಳದ ಎಕ್ಸರೇ. ಎಲ್ಲ ಪರೀಕ್ಷೆಯೂ ಸರಿಯಾಗಿಯೇ ಬಂತು. ಆದರೂ ಬೀದಿಯಲ್ಲಿ ಯಾವುದಾದರೂ ಮಗುವಿಗೆ ನಾಮಕರಣ ಅಂದರೆ ಆಕೆಯನ್ನು ಕರೆಯುತ್ತಿರಲಿಲ್ಲ. ಕರೆದರೂ ತೊಟ್ಟಿಲ ಹತ್ತಿರ ನಿಲ್ಲಿಸಿಕೊಳ್ಳುತ್ತಿರಲಿಲ್ಲ.

ಈ ನಾಲ್ಕು ವರ್ಷದಲ್ಲಿ 'ನೀನೂ ಒಂದ್ಸಲ ತೋರಿಸ್ಕೊಳ್ಳಪ್ಪ' ಅಂತ ನನಗೆ ಹೇಳಿದವರು ಯಾರೂ ಇಲ್ಲ. ಹೇಳಿದ್ದು ಒಬ್ಬರೇ, ಎಂಬತ್ತು ದಾಟಿದ ನಮ್ಮ ದೊಡ್ಡವ್ವ. ಜಗಲಿ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಒಂದು ದಿನ ಅಂದುಬಿಟ್ಟಳು:

"ದಸರತ ಮಾರಾಜಂಗೆ ಮೂರ್ ಜನ ಹೆಂಡ್ರು ಕಣ್ಲಾ. ಮೂವರ್ಗೂ ಮಕ್ಕಳಿರ್ನಿಲ್ಲ. ಮೂವರೂ ಬಂಜೇರೇನ್ಲಾ? ಲೆಕ್ಕ ಹಾಕು. ದೋಸ ಯಾರ್ದಾರಾ ಆಗ್ಲಿ, ಪಾಯ್ಸ ಕುಡಿಯೋಳು ಮಾತ್ರ ಹೆಂಗ್ಸೇ!"

ನಾನು ನಕ್ಕು ಎದ್ದುಹೋದೆ. ಗಂಡಸು ನೋಡಿ!

* * *

ನಮ್ಮ ಸಿನಿಮಾಗಳೂ ಕಲಿಸಿದ್ದು ಇದನ್ನೇ ಅಲ್ಲವೇ? ಮಕ್ಕಳಿಲ್ಲದಿದ್ದರೆ ನಾಯಕಿ ತುಳಸಿಕಟ್ಟೆ ಮುಂದೆ ಅಳಬೇಕು, ಅತ್ತೆ ಎರಡನೇ ಮದುವೆಯ ಮಾತು ತೆಗೆಯಬೇಕು, ನಾಯಕ ಕಿಟಕಿಯ ಹೊರಗೆ ನೋಡಬೇಕು. ೧೯೭೩ರಲ್ಲೇ ಪುಟ್ಟಣ್ಣ ಕಣಗಾಲರು 'ಎಡಕಲ್ಲು ಗುಡ್ಡದ ಮೇಲೆ' ತೆಗೆದು, ಕೊರತೆ ಗಂಡನ ದೇಹದಲ್ಲೂ ಇರಬಹುದು ಎಂದು ಧೈರ್ಯವಾಗಿ ತೋರಿಸಿದರು. ಆದರೆ ಅದು ಯುದ್ಧದಲ್ಲಿ ಪೆಟ್ಟಾದ ಗಂಡನ ಕಥೆ. ನೋಡಿದವರಿಗೆ ಗಂಡಸ್ತನ ಬೇರೆ, ವೀರ್ಯಾಣುವಿನ ಆರೋಗ್ಯ ಬೇರೆ ಎಂದು ತಿಳಿಯಲಿಲ್ಲ. ೨೦೧೨ರಲ್ಲಿ ಹಿಂದಿಯಲ್ಲಿ 'ವಿಕ್ಕಿ ಡೋನರ್' ಬಂದಾಗ ಮಾತ್ರ ಥಿಯೇಟರಿನಲ್ಲಿ ವೀರ್ಯ ಎಂಬ ಮಾತು ಬಾಯಿಬಿಟ್ಟು ಬಂತು. ಜನ ಬಿದ್ದು ಬಿದ್ದು ನಕ್ಕರು. ನಕ್ಕು ಮನೆಗೆ ಹೋದರು. ನಾನೂ ಹೋದೆ.

ಹಾಸಿಗೆಯಲ್ಲಿ ಹುಲಿಯಾಗಿರುವ ಗಂಡಸಿಗೂ ವೀರ್ಯಾಣು ಕಡಿಮೆ ಇರಬಹುದು. ಮೀಸೆ, ಮೈಕಟ್ಟು, ಗಡಸು ಧ್ವನಿ ಯಾವುದನ್ನು ನೋಡಿಯೂ ಅದನ್ನು ಹೇಳಲಾಗದು. ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯಲ್ಲಿ ಗಂಡನ ಕಡೆಯ ಕಾರಣವೂ ಸೇರಿರುತ್ತೆ, ಒಂದೊಂದು ಸಲ ಅದೊಂದೇ ಕಾರಣವಾಗಿರುತ್ತೆ. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಅದಕ್ಕೂ ಮುಂಚೆ ನಾನು ಹೋಗಿದ್ದು ಒಂದು ಲಾಡ್ಜಿಗೆ!

ಬಸ್‌ಸ್ಟ್ಯಾಂಡಿನ ಗೋಡೆ ನೀವು ನೋಡಿರುತ್ತೀರಿ. ಹೊಸ ಚಿತ್ರದ ಪೋಸ್ಟರ್, ಅದರ ಪಕ್ಕ ಬೋರ್‌ವೆಲ್ ಜಾಹೀರಾತು, ಅದರ ಕೆಳಗೆ 'ಗಂಡಸರ ಗುಪ್ತ ಸಮಸ್ಯೆಗೆ' ಎಂಬ ಹಳದಿ ಚೀಟಿ. ಆ ಚೀಟಿಯ ನಂಬರು ಬರೆದುಕೊಂಡು ಹೋದೆ. ಲಾಡ್ಜಿನ ರೂಮಿನಲ್ಲಿ ಕೂತಿದ್ದ 'ವೈದ್ಯ' ನಾಡಿ ಹಿಡಿದ. ಕಣ್ಣಿನ ರೆಪ್ಪೆ ಎಳೆದು ನೋಡಿದ. ನಿಟ್ಟುಸಿರು ಬಿಟ್ಟ.

"ಧಾತು ತೆಳ್ಳಗಾಗಿದೆ. ನೂರು ತೊಟ್ಟು ರಕ್ತ ಸೇರಿ ಒಂದು ತೊಟ್ಟು ಧಾತು. ಅದನ್ನ ನೀರಿನ ಹಾಗೆ ಖರ್ಚು ಮಾಡಿದ್ದೀರಿ. ನಲವತ್ತು ದಿನ ಕೂಡಿಡಿ. ಆಮೇಲೆ ನೋಡಿ, ಒಂದೇ ಸಲಕ್ಕೆ ಗಂಡು ಮಗು!"

ಒಂದು ಡಬ್ಬಿ ಲೇಹ್ಯ ಕೊಟ್ಟ. ಮೂರು ಸಾವಿರ ರೂಪಾಯಿ ಇಸಿದುಕೊಂಡ.

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು, ಒಪ್ಪುತ್ತೇನೆ. ಆದರೆ ಈ ಮಾತನ್ನು ನಂಬೋಕೆ ಪಿ.ಯು.ಸಿ. ಬಿಡಬೇಕಾಗಿಲ್ಲ, ಡಿಗ್ರಿ ಮಾಡಿದವರೂ ನಂಬುತ್ತಾರೆ. ಕೂಡಿಟ್ಟರೆ ಬಲ, ಕಳೆದರೆ ನಿಶ್ಶಕ್ತಿ ಎಂಬುದನ್ನು ಪುರಾಣದ ಪಿಕ್ಚರಿನ ಋಷಿಗಳಿಂದ ಗರಡಿಮನೆಯ ಉಸ್ತಾದರವರೆಗೆ ಎಲ್ಲರೂ ನಮ್ಮ ತಲೆಗೆ ತುಂಬಿದ್ದಾರೆ. ಈ ಭಯದಿಂದಲೇ ಸೊರಗಿ, ಸುಸ್ತು, ತಲೆನೋವು ಅಂತ ನರಳುವ ಗಂಡಸರು ನಮ್ಮ ದೇಶದಲ್ಲಿ ಎಷ್ಟಿದ್ದಾರೆಂದರೆ, ೧೯೬೦ರಲ್ಲಿ ಎನ್.ಎನ್. ವಿಗ್ ಎಂಬ ಮನೋವೈದ್ಯರು ಈ ಕಾಯಿಲೆಗೆ 'ಧಾತ್ ಸಿಂಡ್ರೋಮ್' ಎಂದೇ ಹೆಸರಿಟ್ಟರು!

ವ್ರತ ಹಿಡಿದೆ. ನಡುಮನೆಯಲ್ಲಿ ಚಾಪೆ. ನನ್ನಾಕೆ ಏನೂ ಕೇಳಲಿಲ್ಲ. ಹತ್ತನೇ ದಿನ ಮಾತ್ರ ಬಾಗಿಲ ಹತ್ತಿರ ನಿಂತು, "ಏನಂದ್ರೆ, ನನ್ ಮೇಲೆ ಬೇಜಾರಾ?" ಅಂದಳು. ನಾನು ವಿಷಯ ಹೇಳಲಿಲ್ಲ. ಆಕೆ ಬೇರೆ ಏನೋ ತಿಳಿದುಕೊಂಡು ಅಡುಗೆಮನೆಗೆ ಹೋದಳು. ಲೇಹ್ಯದ ಮೂರು ಸಾವಿರ ಹೋದರೆ ಹೋಗಲಿ, ಆ ರಾತ್ರಿಯನ್ನು ಮಾತ್ರ ನಾನು ಮರೆತಿಲ್ಲ.

* * *

ನಲವತ್ತೊಂದನೇ ದಿನ, ಕೂಡಿಟ್ಟ ಗಂಟಿನ ಬೆಲೆ ಎಷ್ಟಾಗಿದೆ ನೋಡೋಣ ಎಂದು ಮೈಸೂರಿಗೆ ಹೋಗಿ ಒಂದು ಲ್ಯಾಬಿನಲ್ಲಿ ವೀರ್ಯ ಪರೀಕ್ಷೆಗೆ ಕೊಟ್ಟೆ. ಮನೆಯಿಂದಲೇ ಬಾಟಲಿಯಲ್ಲಿ ತೆಗೆದುಕೊಂಡು ಹೋಗೋಣ ಅಂದುಕೊಂಡಿದ್ದೆ. ಅದು ಆಗದ ಮಾತು. ಒಂದು ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು, ತಣ್ಣಗೂ ಆಗಬಾರದು, ಬಿಸಿಯೂ ಆಗಬಾರದು. ನಮ್ಮ ಕಡೆಯ ಬಸ್ಸು ಆ ಹೊತ್ತಿಗೆ ದಾರಿಯಲ್ಲೇ ಇರುತ್ತೆ!

ಸಂಜೆ ರಿಪೋರ್ಟು ಬಂತು. ಪ್ರಮಾಣ ೫ ಮಿಲಿಲೀಟರ್. ಎದೆ ಉಬ್ಬಿತು! ಸಂಖ್ಯೆ ಮಿಲಿಲೀಟರಿಗೆ ೨ ಕೋಟಿ ೪೦ ಲಕ್ಷ. ಇನ್ನೂ ಉಬ್ಬಿತು! ಅದರ ಕೆಳಗಿನ ಸಾಲು: ಮುಂದಕ್ಕೆ ಈಜುವ ವೀರ್ಯಾಣು ಶೇಕಡಾ ೧೭. ಪಕ್ಕದಲ್ಲಿ ಕೆಂಪು ಗುರುತು.

ರಿಪೋರ್ಟು ಹಿಡಿದು ಡಾಕ್ಟರಮ್ಮನ ಮುಂದೆ ಕೂತೆ. ಆಕೆ ಮೊದಲು ನೋಡಿದ್ದು ಅಂಕಿಗಳನ್ನಲ್ಲ, ಮೇಲಿನ ಒಂದು ಖಾಲಿ ಗೆರೆಯನ್ನು.

"ಎಷ್ಟು ದಿನ ಬಿಟ್ಟು ಕೊಟ್ಟಿದ್ದೀರಿ? ಇಲ್ಲಿ ಬರೆದೇ ಇಲ್ಲ."

"ನಲವತ್ತು ದಿನ ಮೇಡಂ," ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಆಕೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾರಪ್ಪ ಹೇಳಿದ್ದು ನಿನಗೆ? ಎರಡು ದಿನಕ್ಕೆ ಕಡಿಮೆ ಇಲ್ಲದೆ, ಏಳು ದಿನಕ್ಕೆ ಹೆಚ್ಚಿಲ್ಲದೆ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲೇ ಇದೆ. ಯಾವೂರು?"

"ಕೆ.ಆರ್. ಪೇಟೆ ಹತ್ರ ಮೇಡಂ. ಹೊಸಹೊಳಲು."

"ಹಾಗಾದ್ರೆ ಕಬ್ಬು ಗೊತ್ತಲ್ಲ. ಕಡಿದ ಕಬ್ಬನ್ನ ಹದಿನೈದು ದಿನ ಗದ್ದೆಯಲ್ಲೇ ಬಿಟ್ಟರೆ ಏನಾಗುತ್ತೆ?"

"ಒಣಗುತ್ತೆ. ರಸ ಕೆಡುತ್ತೆ. ಬೆಲ್ಲ ಸರಿಯಾಗಿ ಕಟ್ಟಲ್ಲ."

"ಬಲಿಯೋ ಮುಂಚೆ ಕಡಿದರೆ?"

"ಸಿಹಿ ಇರಲ್ಲ."

"ಅಷ್ಟೇ ಕಣಪ್ಪ ವಿಷಯ. ಒಂದೇ ವ್ಯತ್ಯಾಸ. ಕಬ್ಬು ಇಟ್ಟರೆ ತೂಕ ಇಳಿಯುತ್ತೆ, ನೋಡಿದ ಕೂಡಲೇ ಗೊತ್ತಾಗುತ್ತೆ. ಇಲ್ಲಿ ಇಟ್ಟಷ್ಟೂ ಪ್ರಮಾಣ ಏರುತ್ತೆ. ನೀನು ಮೋಸ ಹೋಗಿದ್ದು ಅಲ್ಲೇ!"

* * *

ಆಕೆ ಹೇಳಿದ್ದನ್ನು, ಆಮೇಲೆ ನಾನೇ ಹುಡುಕಿ ಓದಿದ್ದನ್ನು, ನನ್ನ ಭಾಷೆಯಲ್ಲಿ ಹೇಳುತ್ತೇನೆ ಕೇಳಿ.

ವೃಷಣ ಒಂದು ಕಾರ್ಖಾನೆ. ಅಲ್ಲಿ ಒಂದು ವೀರ್ಯಾಣು ತಯಾರಾಗುವುದಕ್ಕೆ ಸುಮಾರು ಎರಡೂವರೆ ತಿಂಗಳು ಬೇಕು. ಆದರೆ ಕಾರ್ಖಾನೆಗೆ ರಜಾ ಇಲ್ಲ, ದಿನವೂ ಕೋಟಿಗಟ್ಟಲೆ ಹೊಸ ಸರಕು ಹೊರಗೆ ಬರುತ್ತಲೇ ಇರುತ್ತೆ. ಬಂದದ್ದು ಎಪಿಡಿಡಿಮಿಸ್ ಎಂಬ ಸುರುಳಿ ಸುತ್ತಿದ ಕೊಳವೆಯಲ್ಲಿ ಕೆಲವು ದಿನ ಸಾಗಿ, ಪಕ್ವವಾಗಿ, ಈಜುವ ಶಕ್ತಿ ಪಡೆದು, ಅದರ ಬಾಲದಲ್ಲಿ ಕಾದು ಕೂರುತ್ತೆ. ಅದೇ ಗೋಡೌನು. ಎಷ್ಟು ದಿನ ಬಿಟ್ಟರೆ ಅಷ್ಟು ಸರಕು ಸೇರುತ್ತೆ ನಿಜ. ಆದರೆ ಮೊದಲು ಬಂದವು ಅಲ್ಲೇ ಮುದಿಯಾಗುತ್ತವೆ, ಎಷ್ಟೋ ಸಾಯುತ್ತವೆ. ಅಲ್ಲಿ ಹುಟ್ಟುವ ಕೆಟ್ಟ ಆಮ್ಲಜನಕದ ಕಣಗಳು ವೀರ್ಯಾಣುವಿನೊಳಗಿನ ಡಿಎನ್‌ಎ ಎಳೆಯನ್ನು ಅಲ್ಲಲ್ಲಿ ತುಂಡು ಮಾಡುತ್ತವೆ. ಹಳೇ ಪ್ರಿಂಟು ಟೂರಿಂಗ್ ಟಾಕೀಸಿಗೆ ಬಂದಾಗ ಪರದೆ ತುಂಬ ಮಳೆ ಸುರಿದಂತೆ ಗೆರೆ ಬೀಳುತ್ತಿತ್ತಲ್ಲ, ಹಾಗೆ! ಡಬ್ಬಿ ತುಂಬ ರೀಲಿದೆ, ಚಿತ್ರ ಮಾತ್ರ ಓಡುವುದಿಲ್ಲ.

ಇನ್ನು ಆ 'ನೂರು ತೊಟ್ಟು ರಕ್ತ'? ಶುದ್ಧ ಸುಳ್ಳು. ವೀರ್ಯದ ಬಹುಪಾಲು ಬೇರೆ ಗ್ರಂಥಿಗಳು ಸುರಿಸುವ ದ್ರವ. ಅದರಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ ಐದನ್ನೂ ಮೀರದು. ಪ್ರಮಾಣ ಹೆಚ್ಚಾಯಿತೆಂದು ಎದೆ ಉಬ್ಬಿಸಿಕೊಂಡ ನನ್ನಂಥವರು ಇದನ್ನು ಎರಡು ಸಲ ಓದಿಕೊಳ್ಳಬೇಕು.

ಇದು ಒಬ್ಬ ಡಾಕ್ಟರಮ್ಮನ ಮಾತಲ್ಲ. ಇಸ್ರೇಲಿನ ಬೀರ್‌ಶೇಬಾದ ವೈದ್ಯರು ೯,೪೮೯ ವೀರ್ಯ ಮಾದರಿಗಳನ್ನು ಲೆಕ್ಕಹಾಕಿ ೨೦೦೫ರಲ್ಲಿ ಪ್ರಕಟಿಸಿದರು. ದಿನ ಹೆಚ್ಚಿದಂತೆ ಪ್ರಮಾಣ ಏರಿತ್ತು. ಆದರೆ ವೀರ್ಯಾಣು ಸಂಖ್ಯೆ ಮೊದಲೇ ಕಡಿಮೆ ಇರುವ ಗಂಡಸರಲ್ಲಿ ಚಲನೆ ಅತ್ಯುತ್ತಮವಾಗಿದ್ದದ್ದು ಒಂದೇ ದಿನ ಬಿಟ್ಟಾಗ! ಅಂದರೆ 'ನನಗೆ ಕಡಿಮೆ ಇದೆ, ಅದಕ್ಕೇ ಕೂಡಿಡುತ್ತೇನೆ' ಎನ್ನುವವನೇ ಕೂಡಿಡಬಾರದು. ೨೦೦೯ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಗ್ರೀನಿಂಗ್ ಎಂಬ ವೈದ್ಯರು, ಡಿಎನ್‌ಎ ತುಂಡಾಗುವ ತೊಂದರೆ ಇದ್ದ ೧೧೮ ಗಂಡಸರಿಗೆ ಏಳು ದಿನ ದಿನವೂ ಸ್ಖಲನ ಮಾಡಲು ಹೇಳಿದರು. ತುಂಡಾದ ವೀರ್ಯಾಣುಗಳ ಸರಾಸರಿ ಶೇಕಡಾ ೩೪ರಿಂದ ೨೬ಕ್ಕೆ ಇಳಿಯಿತು. ಎಲ್ಲರಿಗೂ ಇಳಿಯಲಿಲ್ಲ, ಕೆಲವರಿಗೆ ಏರಿತು ಕೂಡ. ಆದರೆ ಹೆಚ್ಚಿನವರಿಗೆ ಗುಣ ಕಂಡಿತು.

ಹಾಗಾದರೆ ದಿನಾ ದಿನಾ ಅಂದರೆ ಇನ್ನೂ ಒಳ್ಳೆಯದಾ? ನಿಲ್ಲಿ, ಅವಸರ ಬೇಡ! ಈ ಪ್ರಶ್ನೆಗೆ ಉತ್ತರ ನಮ್ಮ ಕರ್ನಾಟಕದಲ್ಲೇ ಇದೆ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಸಂಶೋಧಕರು ಆರೋಗ್ಯವಂತ ೧೯ ಮಂದಿಯಿಂದ ೧, ೩, ೫, ೭ ದಿನ ಬಿಟ್ಟು ಒಟ್ಟು ೭೬ ಮಾದರಿ ಪಡೆದು ಪರೀಕ್ಷಿಸಿ ೨೦೧೬ರಲ್ಲಿ ಬರೆದಿದ್ದಾರೆ. ಒಂದೇ ದಿನ ಬಿಟ್ಟು ಪಡೆದ ವೀರ್ಯಾಣುಗಳಲ್ಲಿ ಡಿಎನ್‌ಎ ಸುತ್ತಿಟ್ಟ ಕಟ್ಟು ಪೂರ್ತಿ ಬಲಿತಿರಲಿಲ್ಲ. ಮೂರು, ಐದು ದಿನದವು ಹೆಚ್ಚು ಬಲಿತಿದ್ದವು. ಒಂದು ದಿನದವನ್ನು ಲ್ಯಾಬಿನಲ್ಲಿ ಹಾಗೇ ಇಟ್ಟರೆ, ಆರು ಗಂಟೆಯಲ್ಲಿ ತುಂಡಾದ ಡಿಎನ್‌ಎ ಸುಮಾರು ಎರಡು ಪಟ್ಟು, ಇಪ್ಪತ್ತನಾಲ್ಕು ಗಂಟೆಯಲ್ಲಿ ನಾಲ್ಕು ಪಟ್ಟು! ಅವರ ತೀರ್ಮಾನ ಏನು ಗೊತ್ತೇ? ಕಡಿಮೆ ದಿನದ್ದು ಚಿಕಿತ್ಸೆಗೆ ಒಳ್ಳೆಯದೇ, ಆದರೆ ಬೇಗ ಬಳಸಬೇಕು, ಲ್ಯಾಬಿನಲ್ಲಿ ಹೆಚ್ಚು ಹೊತ್ತು ಇಡಬಾರದು. ಎಳೆ ಕಬ್ಬೂ ಬೇಡ, ಒಣಗಿದ ಕಬ್ಬೂ ಬೇಡ ಎಂದು ಡಾಕ್ಟರಮ್ಮ ಹೇಳಿದ್ದು ಇದನ್ನೇ.

* * *

"ನೀನು ಇನ್ನೊಂದು ಲೆಕ್ಕ ಮರೆತಿದ್ದೀಯ," ಅಂದರು ಆಕೆ. "ಹೆಂಗಸಿನ ಅಂಡ ಬಿಡುಗಡೆಯಾಗೋದು ತಿಂಗಳಿಗೊಂದು ಸಲ. ಅದು ಬದುಕೋದು ಹೆಚ್ಚೆಂದರೆ ಒಂದು ದಿನ. ಗಂಡಿನ ವೀರ್ಯಾಣು ಆಕೆಯ ಹೊಟ್ಟೆಯೊಳಗೆ ಐದು ದಿನದ ತನಕ ಕಾಯಬಲ್ಲದು. ಹಾಗಾಗಿ ಗರ್ಭ ನಿಲ್ಲೋ ದಿನಗಳು ತಿಂಗಳಲ್ಲಿ ಆರೇ ಆರು. ಅಂಡ ಬಿಡುಗಡೆ ದಿನ, ಅದರ ಹಿಂದಿನ ಐದು ದಿನ. ಮುಟ್ಟು ಸರಿಯಾಗಿ ಇಪ್ಪತ್ತೆಂಟು ದಿನಕ್ಕೆ ಆಗೋರಾದರೆ, ಮುಟ್ಟಾದ ಹತ್ತನೇ ದಿನದ ಹತ್ತಿರದಿಂದ ಹದಿನಾಲ್ಕು ಹದಿನೈದರ ತನಕ ಅಂತ ಇಟ್ಟುಕೊ. ಆ ದಿನಗಳಲ್ಲಿ ದಿನವೋ, ದಿನ ಬಿಟ್ಟು ದಿನವೋ ಜೊತೆಗಿರಬೇಕು. ನೀನು ನಲವತ್ತು ದಿನ ಚಾಪೆ ಮೇಲೆ ಮಲಗಿದ್ದೆ!"

ಮಗು ಬೇಕೆಂದು ವ್ರತ ಹಿಡಿದು, ಮಗು ಆಗಬಹುದಾಗಿದ್ದ ದಿನಗಳನ್ನೇ ಕಳೆದುಕೊಂಡಿದ್ದೆ. ಬಾಗಿಲ ಹತ್ತಿರ ನಿಂತು 'ನನ್ ಮೇಲೆ ಬೇಜಾರಾ' ಅಂತ ಆಕೆ ಕೇಳಿದ ರಾತ್ರಿ ಆ ಆರು ದಿನಗಳಲ್ಲಿ ಒಂದಾಗಿದ್ದರೆ? ಆ ಯೋಚನೆ ಬಂದಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ. ಈ ಸಲ ಮೂರು ದಿನ ಬಿಟ್ಟು, ಲ್ಯಾಬಿನಲ್ಲೇ. ಪ್ರಮಾಣ ೨.೫ ಮಿಲಿಲೀಟರ್, ಅರ್ಧಕ್ಕಿಳಿದಿತ್ತು. ಸಂಖ್ಯೆ ಮಿಲಿಲೀಟರಿಗೆ ೨ ಕೋಟಿ. ಮುಂದಕ್ಕೆ ಈಜುವವು ಶೇಕಡಾ ೩೧!

ವಿಶ್ವ ಆರೋಗ್ಯ ಸಂಸ್ಥೆಯ ೨೦೨೧ರ ಕೈಪಿಡಿ ಹೇಳುವ ಕೆಳಗಿನ ಗಡಿ ಹೀಗಿದೆ: ಪ್ರಮಾಣ ೧.೪ ಮಿಲಿಲೀಟರ್, ಮಿಲಿಲೀಟರಿಗೆ ೧ ಕೋಟಿ ೬೦ ಲಕ್ಷ, ಒಟ್ಟು ೩ ಕೋಟಿ ೯೦ ಲಕ್ಷ, ಮುಂದಕ್ಕೆ ಈಜುವವು ಶೇಕಡಾ ೩೦. ನನ್ನದು ಗಡಿಯ ಮೇಲೆ ಒಂದು ಹೆಜ್ಜೆ. ಇದು ಪಾಸು ಫೇಲಿನ ಮಾರ್ಕ್ಸು ಅಲ್ಲ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಗಡಿಗಿಂತ ಕೆಳಗಿದ್ದವರೂ ತಂದೆಯಾಗಿದ್ದಾರೆ, ಮೇಲಿದ್ದವರೂ ಕಾದಿದ್ದಾರೆ. ಒಬ್ಬನದೇ ಎರಡು ಪರೀಕ್ಷೆಯ ನಡುವೆ ತಾನಾಗಿಯೇ ಏರುಪೇರಾಗುವುದೂ ಉಂಟು, ಅದಕ್ಕೇ ಒಂದೇ ರಿಪೋರ್ಟು ನಂಬಿ ಕುಣಿಯಬಾರದು, ಅಳಲೂಬಾರದು. ನನಗೆ ಬೀಡಿ ಬಿಡಲು ಹೇಳಿದರು. ಬಿಟ್ಟಿದ್ದೇನೆ. ಅದರ ಫಲ ತಿಳಿಯಲು ಮೂರು ತಿಂಗಳಾದರೂ ಬೇಕು. ಕಾರ್ಖಾನೆಯ ಒಂದು ಸುತ್ತಿಗೇ ಎರಡೂವರೆ ತಿಂಗಳು ಹಿಡಿಯುತ್ತಲ್ಲ!

ಒಂದು ಮಾತು ನೆನಪಿಡಿ. ದಿನ ಹೆಚ್ಚು ಕಡಿಮೆ ಮಾಡಿದರೆ ಎಲ್ಲವೂ ಸರಿಹೋಗುತ್ತೆ ಎಂದು ನಾನು ಹೇಳುತ್ತಿಲ್ಲ. ವೀರ್ಯಾಣು ಒಂದೂ ಇಲ್ಲದವರು, ವೃಷಣದ ರಕ್ತನಾಳ ಊದಿಕೊಂಡವರು, ಹಾರ್ಮೋನಿನ ತೊಂದರೆ ಇರುವವರು, ಮೈಕಟ್ಟಿಗೆಂದು ಜಿಮ್ಮಿನಲ್ಲಿ ಚುಚ್ಚುಮದ್ದು ಹಾಕಿಸಿಕೊಂಡವರು, ಇವರಿಗೆಲ್ಲ ಬೇಕಾಗಿರುವುದು ಸರಿಯಾದ ವೈದ್ಯ. ಒಂದು ವರ್ಷ ಜೊತೆಗಿದ್ದೂ ಗರ್ಭ ನಿಲ್ಲದಿದ್ದರೆ ಇಬ್ಬರೂ ತೋರಿಸಿಕೊಳ್ಳಬೇಕು. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ. ಗಂಡನ ಪರೀಕ್ಷೆಗೆ ಸೂಜಿ ಬೇಡ, ಕತ್ತರಿ ಬೇಡ, ಒಂದು ಪುಟ್ಟ ಬಾಟಲಿ ಸಾಕು. ಇದಕ್ಕೆ ಹೆದರಿ ಹೆಂಡತಿಯನ್ನು ವರ್ಷಗಟ್ಟಲೆ ಎಕ್ಸರೇ ಕೆಳಗೆ ಮಲಗಿಸುತ್ತೇವಲ್ಲ, ನಾವೆಂಥ ಹೀರೋಗಳು!

* * *

ಎರಡು ರಿಪೋರ್ಟನ್ನೂ ಅವ್ವನ ಮುಂದಿಟ್ಟೆ. ಓದಿ ಹೇಳಿದೆ. ನಾಚಿಕೆಯಾಯಿತು, ಆದರೂ ಹೇಳಿದೆ. "ಅವಳ್ದು ಎಲ್ಲ ಸರಿಯಾಗೈತೆ ಕಣವ್ವ. ಕಮ್ಮಿ ಇರೋದು ನಂದು."

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. ಒಳಗೆ ಹೋಗಿ ಕಷಾಯದ ಚರಿಗೆ ತಂದು ಹಿತ್ತಲಿಗೆ ಚೆಲ್ಲಿದಳು. ಸೊಸೆಯನ್ನು ಕರೆಯಲಿಲ್ಲ, ಕ್ಷಮಿಸು ಅಂತಲೂ ಅನ್ನಲಿಲ್ಲ. ನಮ್ಮ ಕಡೆಯ ಹೆಂಗಸರು ಹಾಗೆಲ್ಲ ಅನ್ನುವುದಿಲ್ಲ. ಶನಿವಾರ ಬೆಳಿಗ್ಗೆ ಮಾತ್ರ ನನ್ನನ್ನು ಎಬ್ಬಿಸಿ, "ಏಳ್ಲಾ, ನೀರ್ ಹಾಕ್ಕೊ. ಈವತ್ತಿಂದ ನೀನ್ ಸುತ್ತು," ಅಂದಳು.

ಇಪ್ಪತ್ತೊಂದು ಸುತ್ತು ಹಾಕಿದೆ ಸ್ವಾಮಿ! ನನ್ನಾಕೆ ಮೆಟ್ಟಿಲ ಮೇಲೆ ಕೂತು ಎಣಿಸುತ್ತಿದ್ದಳು. ಹದಿನಾರಕ್ಕೆ ನಾನು ಹದಿನೆಂಟು ಅಂದರೆ, "ಸುಳ್ಳು ಹೇಳ್ಬೇಡಿ, ನಾನು ಎರಡು ವರ್ಷ ಸುತ್ತಿದ್ದೀನಿ," ಅಂದು ನಕ್ಕಳು. ಆಕೆ ಹಾಗೆ ನಕ್ಕು ಬಹಳ ದಿನವಾಗಿತ್ತು. ದೊಡ್ಡವ್ವನಿಗೆ ವಿಷಯ ತಿಳಿದು, "ಅವನ್ಗೂ ಒಂದ್ ಲೋಟ ಪಾಯ್ಸ ಕೊಡ್ರೇ!" ಅಂತ ಜಗಲಿಯಿಂದಲೇ ಕೂಗಿದಳು.

ಮಗು ಆಯಿತಾ ಅಂತ ಕೇಳುತ್ತೀರಿ. ಇಲ್ಲ, ಇನ್ನೂ ಆಗಿಲ್ಲ. ಇದು ಸಿನಿಮಾ ಅಲ್ಲವಲ್ಲ, ಕ್ಲೈಮ್ಯಾಕ್ಸಿನಲ್ಲಿ ಗುಡಿಯ ಗಂಟೆ ಹೊಡೆದ ಕೂಡಲೇ ನಾಯಕಿ ಹುಣಸೆಕಾಯಿ ಕೇಳೋಕೆ! ಕಾಯುತ್ತಿದ್ದೇವೆ. ಆದರೆ ಈಗ ಇಬ್ಬರೂ ಕಾಯುತ್ತಿದ್ದೇವೆ. ಮೊದಲು ಆಕೆ ಒಬ್ಬಳೇ ಕಾಯುತ್ತಿದ್ದಳು.

ಕಾರಣ ಹೇಳುತ್ತೇನೆ ಅಂದಿದ್ದೆನಲ್ಲ. ಹೋದ ವಾರ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ಆ ಹಳದಿ ಚೀಟಿಯ ಮುಂದೆ ನಿಂತಿದ್ದ. ಅತ್ತಿತ್ತ ನೋಡಿ ನಂಬರು ಬರೆದುಕೊಂಡ. ಬೆಂಚಿನ ಮೇಲೆ ಅವನ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು, ಮಡಿಲಲ್ಲಿ ಆಸ್ಪತ್ರೆಯ ಕವರು. ಹೋಗಿ ಹೇಳೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವನು ಅಂಗಡಿಗೆ ಹೋಗಿ ಬೀಡಿ ಕೊಂಡ, ಜೊತೆಗೆ ಈ ಪತ್ರಿಕೆಯನ್ನೂ ಕೊಂಡ.

ತಮ್ಮಾ, ಈ ವಾರವೂ ಕೊಂಡಿದ್ದರೆ, ಇದು ನಿನಗೇ ಬರೆದದ್ದು. ಆ ನಂಬರು ಹರಿದು ಹಾಕು. ಎರಡು ದಿನ ಬಿಟ್ಟು, ಏಳು ದಿನ ಮೀರದೆ, ಒಳ್ಳೆಯ ಲ್ಯಾಬಿಗೆ ಹೋಗು. ಅದಕ್ಕೂ ಮುಂಚೆ ಹೆಂಡತಿ ಹತ್ತಿರ ಹೋಗಿ ಇರುವ ವಿಷಯ ಹೇಳು.

ಮುಂದಿನ ವಾರ ಮತ್ತೆ ಸಿನಿಮಾ. ಬರಲೇ?